ಕೊನೆಯ ಬೋಲ್ಟು ಬಿಗಿದವರು ಯಾರು, ಭಾವ?

ಮಾನ್ಯ ಭಾವನವರಿಗೆ,

‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದ್ದೇನೆ. ಕಾಗದವನ್ನು ಬೆಳಕಿಗೆ ಹಿಡಿದರೆ ಈಗಲೂ ಕಾಣುತ್ತದೆ.

ನಮ್ಮಿಬ್ಬರ ಜೀಪುಗಳನ್ನೂ ಒಂದೇ ಅಳತೆಗೆ ಎತ್ತರಿಸಿದ ಆ ಬೇಸಿಗೆ ನೆನಪಿದೆಯೇ? ಗಾಡಿಯ ಮೈ ಮೇಲೇರಿತು, ಹಿಂದಿನ ಆಕ್ಸಲ್ಲನ್ನು ಹಿಡಿಯುವ ಕಬ್ಬಿಣದ ತೋಳುಗಳು, ಆ ಕಂಟ್ರೋಲ್ ಆರ್ಮುಗಳು ಮಾತ್ರ ಗಿಡ್ಡವಾಗಿ ಉಳಿದವು. ಚಕ್ರ ಮುಂದಕ್ಕೆ ಸರಿದು, ಏರಿನಲ್ಲಿ ಗಾಡಿ ಗಡಗಡ ನಡುಗುತ್ತಿತ್ತು. ಹೊಸ ಆರ್ಮು ಕೊಳ್ಳುವಾಗ, ಉದ್ದ ನಿಗದಿಯಾಗಿರುವುದೇ ಸಾಕೆಂದೆ ನಾನು. “ಏನಯ್ಯ ಭಾಮೈದ, ಮದುವೆ ಅಂಗಿಯನ್ನೂ ರೆಡಿಮೇಡ್ ತಗೊಂಡವನಲ್ವಾ ನೀನು! ತಿರುಗಿಸಿ ಉದ್ದ ಮಾಡೋದು ತಗೋ. ಒಂದು ತುದಿಗೆ ರಬ್ಬರ್ ಬುಷ್ ಇರಲಿ, ಇಲ್ಲದಿದ್ರೆ ಸೊಂಟ ಹೋಗುತ್ತೆ” ಎಂದಿರಿ. ಬುದ್ಧಿಮಾತು. ಕೆಂಪು ಬಣ್ಣದ ಅಂಥದೇ ಜೋಡಿಯನ್ನು ತರಿಸಿ, ನನ್ನ ಜೀಪಿನ ಜೊತೆ ನಿಮ್ಮ ಶೆಡ್ಡಿಗೆ ತಲುಪಿಸಿದೆ.

ನಮ್ಮದೊಂದು ಪದ್ಧತಿಯಿತ್ತು. ಗಾಡಿ ಜಾಕಿನ ಮೇಲಿರುವಾಗ ಬೋಲ್ಟುಗಳನ್ನು ಸಡಿಲವಾಗಿ ಕೂರಿಸಬೇಕು. ಚಕ್ರ ನೆಲಕ್ಕಿಳಿದು ಭಾರ ಬಿದ್ದ ಮೇಲೆಯೇ ಬಿಗಿಯಬೇಕು, ಇಲ್ಲವಾದರೆ ಬುಷ್ಷಿನ ರಬ್ಬರು ತಿರುಚಿ ಹರಿಯುತ್ತದೆ. ಒಬ್ಬ ಕೂರಿಸಿದ್ದನ್ನು ಇನ್ನೊಬ್ಬ ಬಿಗಿಯಬೇಕು. ನಂಬಿಕೆ ಕಡಿಮೆಯೆಂದಲ್ಲ, ಕಣ್ಣು ನಾಲ್ಕಿರಲೆಂದು. ಆ ದಿನ ಮಾತ್ರ ನೀವು ಫೋನಿನಲ್ಲಿ, “ಬರಬೇಡ ಕಣೋ, ನಿಂಗೆ ಬೆನ್ನು ನೋವು. ನಾನೇ ಬಿಗಿದಿದ್ದೀನಿ” ಎಂದಿರಿ. ನನ್ನ ಕಣ್ಣು ಒದ್ದೆಯಾಯಿತು. ಮುಲಾಮು ಬೇರೆ ಕಳಿಸಿದ್ದಿರಿ!

ಕಳೆದ ಭಾನುವಾರ ಅಕ್ಕನನ್ನು ಕೂರಿಸಿಕೊಂಡು ಕಲ್ಲಿನ ಏರು ಹತ್ತಿಸಿದೆ. ಅದೇ ನಡುಕ. ಒಂದು ಚಕ್ರ ಜಾರಿ ಗಾಡಿ ಅಡ್ಡ ತಿರುಗಿದಾಗ ಅಕ್ಕ ನನ್ನ ತೋಳು ಹಿಡಿದಳು. ಉಗುರಿನ ಗುರುತು ಇನ್ನೂ ಇದೆ. ಹೇಗೋ ಇಳಿಸಿ, ಕೆಳಗೆ ತೂರಿ ನೋಡಿದೆ. ಹಳೆಯ ಆರ್ಮುಗಳೇ! ಹೊಸ ಕಪ್ಪು ಬಣ್ಣ ಬಳಿದಿದ್ದೀರಿ. ಆದರೆ ಹಿಂದೊಮ್ಮೆ ಬಂಡೆಗೆ ಬಡಿದು ಬಿದ್ದ ತಗ್ಗಿಗೆ ಬಣ್ಣ ಬಳಿದರೆ ಅದು ತುಂಬುತ್ತದೆಯೇ?

ಅಕ್ಕ ಬಗ್ಗಿ ಕೇಳಿದಳು: “ಕೆಂಪಗಿರುತ್ತೆ ಅಂದಿದ್ದೆಯಲ್ಲೋ? ನಮ್ಮ ಜೀಪಿನಡಿ ಇರೋ ಹಾಗೇನಾ?”

ಗಾಡಿಗೆ ಕೈ ಹಾಕಿ ಎಂದರೆ ನನಗೇ ಕೈ ಕೊಟ್ಟಿರಿ. ಬೆನ್ನಿಗೆ ಚೂರಿ ಹಾಕುವವರನ್ನು ಕಂಡಿದ್ದೇನೆ. ಮೊದಲು ಮುಲಾಮು ಹಚ್ಚಿ ಆಮೇಲೆ ಹಾಕುವವರು ನೀವೊಬ್ಬರೇ. ಆರ್ಮು ಹೋದರೆ ಇನ್ನೊಂದು ಜೋಡಿ ಬರುತ್ತದೆ. ನನ್ನ ನೋವನ್ನು ವಿಚಾರಿಸಿದ ಆ ದನಿ ಸುಳ್ಳಾಯಿತಲ್ಲ, ಅದನ್ನು ಯಾವ ಅಂಗಡಿಯಲ್ಲಿ ಕೇಳಲಿ?

ಒಂದು ಮಾತು. ನಿಮ್ಮ ಜೀಪಿನ ಆ ಕೆಂಪು ಜೋಡಿಯನ್ನು ಕದ್ದುಮುಚ್ಚಿ ಒಬ್ಬರೇ ಕೂರಿಸಿ ಒಬ್ಬರೇ ಬಿಗಿದಿರುತ್ತೀರಿ, ಅದೂ ಅವಸರದಲ್ಲಿ, ಜಾಕಿನ ಮೇಲೆಯೇ. ಅಕ್ಕ ಅದರಲ್ಲಿ ಕೂರುತ್ತಾಳೆ. ಗಾಡಿಯನ್ನು ನೆಲಕ್ಕಿಳಿಸಿ, ಬೋಲ್ಟು ಸಡಿಲಿಸಿ, ಬೇರೆ ಯಾರನ್ನಾದರೂ ಕರೆದು ಬಿಗಿಸಿ.

ನನ್ನನ್ನು ಕರೆಯಬೇಡಿ. ನನಗೆ ಬೆನ್ನು ನೋವು.

ನೀವು ಹತ್ತುವ ಏರೆಲ್ಲ ಅಕ್ಕನ ಪಾಲಿಗೆ ಸಲೀಸಾಗಿರಲಿ.

ಇತಿ,
ನಿಮ್ಮ ಭಾಮೈದನಾಗಿದ್ದವನು