ನೇಜಾಳ ಹೆಗಲಿನ ಅಳತೆ

ಯೆಸೆನಿತ್ಸೆ, ಗುರುವಾರ

ಬ್ಲಾಜ್ ಅವರಿಗೆ,

ನನ್ನ ಮಗಳು ನೇಜಾಳ ತಾಯಿಯನ್ನು ನೀವು ಮದುವೆಯಾದ ಮೇಲೆ, ಈ ಭಾನುವಾರ ಮೊದಲ ಸಲ ನೇಜಾಳನ್ನು ಹಿಮದ ಮೇಲೆ ಸ್ಕೀ ಆಡಲು ಕರೆದೊಯ್ಯುತ್ತೀರಂತೆ. ಇದರೊಂದಿಗೆ ಸ್ಕೀ ಹಲಗೆಗಳನ್ನು ಹೊರುವ ಹೆಗಲಪಟ್ಟಿ ಕಳಿಸಿದ್ದೇನೆ. ಇಷ್ಟು ವರ್ಷ ಕಾರಿನಿಂದ ಇಳಿಜಾರಿನವರೆಗೆ ಅವಳ ಸ್ಕೀಗಳನ್ನು ಇದರಲ್ಲಿ ನಾನೇ ಹೊರುತ್ತಿದ್ದೆ. ಕಳೆದ ವಾರ ಪಟ್ಟಿಗೆ ಕೈಹಾಕಿದೊಡನೆ ಅವಳು ರೇಗಿದಳು: "ಬಿಡಪ್ಪಾ, ನಾನೇನು ಪುಟ್ಟ ಮಗೂನಾ? ಬ್ಲಾಜ್ ನನ್ನ ಸೈಕಲ್ಲನ್ನೂ ನಂಗೇ ಎತ್ತೋಕೆ ಬಿಡ್ತಾನೆ!"

ಆಗ ನಿಮ್ಮ ಮೇಲೆ ಸಿಟ್ಟು ಬಂತು. ಮನೆಗೆ ಬಂದು ಪಟ್ಟಿಯನ್ನು ಕತ್ತರಿಸಿ ಅವಳ ಅಳತೆಗೆ ಹೊಲಿದೆ. ಇನ್ನು ನನ್ನ ಹೆಗಲಿಗೆ ಅದು ಸಾಲದು.

ಅವಳೇ ಹೊರಲಿ. ನೀವು ಎರಡು ಹೆಜ್ಜೆ ಹಿಂದೆ ನಡೆಯಿರಿ. ಅವಳು ಸಹಾಯ ಕೇಳುವುದಿಲ್ಲ, ಆದರೆ ತಿರುಗಿ ನೋಡುತ್ತಾಳೆ.

ಇಂತಿ,
ಗ್ರೆಗೊರ್