ಟವೆಲ್ ಸುತ್ತಿದ ಪಂಪು

ಅಪ್ಪಾ,

ನೀನು ಹೋಗಿ ಐದು ವರ್ಷವಾಯಿತು. ಇಷ್ಟು ದಿನ ನಿನ್ನ ಮೇಲೆ ಸಿಟ್ಟು ಬಂದದ್ದೇ ಇಲ್ಲ. ಈಗ ಬಂದಿದೆ, ಜಗಳಾಡೋಣವೆಂದರೆ ನೀನಿಲ್ಲ. ಅದಕ್ಕೇ ಈ ಕಾಗದ.

ನಾನು ಒಂಬತ್ತನೇ ಇಯತ್ತೆಯಲ್ಲಿದ್ದಾಗ ನೀನು ದುಡಿಯುತ್ತಿದ್ದ ಬೈಲಹೊಂಗಲದ ಜಿನ್ನಿಂಗ್ ಮಿಲ್ಲಿಗೆ ಧೂಳು ಅಳೆಯುವ ಸಾಹೇಬರು ಬಂದಿದ್ದರಲ್ಲ, ನೆನಪಿದೆಯಾ? ಹತ್ತಿಯಿಂದ ಬೀಜ ಬಿಡಿಸುವ ಯಂತ್ರಗಳ ಮುಂದೆ ನಿಲ್ಲುವವರಲ್ಲಿ ಮೂವರನ್ನು ಆರಿಸಿದರು. ಸೊಂಟಕ್ಕೆ ಸಣ್ಣದೊಂದು ಪಂಪು ಕಟ್ಟಿ, ಅದರ ನಳಿಕೆಯ ಬಾಯಿಯನ್ನು ಕೊರಳ ಹತ್ತಿರ ಸಿಕ್ಕಿಸಿದರು. ಬಾಯೊಳಗೆ ಬಿಳಿಯ ಕಾಗದದ ಬಿಲ್ಲೆ. ಆಳಿನ ಮೂಗಿಗೆ ಹೋಗುವ ಧೂಳು ಆ ಬಿಲ್ಲೆಯ ಮೇಲೂ ಕೂರುತ್ತದೆ, ಆಮೇಲೆ ತೂಗಿ ನೋಡುತ್ತಾರೆ. ಮೂವರಲ್ಲಿ ನೀನೊಬ್ಬ, ನಿನ್ನ ಪಕ್ಕದ ಯಂತ್ರದ ಹುಸೇನಬಿ ಅತ್ತೆ ಒಬ್ಬಳು. ಸಂಜೆ ಮನೆಗೆ ಬಂದು ನೀನೇ ನಗುತ್ತಾ ಹೇಳಿದೆ: “ಅಷ್ಟ್ ತುಟ್ಟಿ ಮಷಿನ್, ಹೊಲಸಾದ್ರ ಹೆಂಗ ಅಂತ ದಿನಾಪೂರ್ತಿ ಅದರ ಬಾಯಿಗೆ ಟವೆಲ್ ಸುತ್ತಿದ್ದೆ!” ಅವ್ವ ಬಿದ್ದು ಬಿದ್ದು ನಕ್ಕಳು. ಧೂಳು ಅಳೆಯುವ ಯಂತ್ರವನ್ನು ಧೂಳಿನಿಂದ ಕಾಪಾಡಿದ ಭೋಳೆ ಮನುಷ್ಯ ನನ್ನಪ್ಪ!

ಬೆಳಗಾವಿಯ ಪ್ರಯೋಗಾಲಯಕ್ಕೆ ಸೇರಿದ ಮೊದಲ ವಾರ, ಅಂಥವೇ ಬಿಲ್ಲೆಗಳನ್ನು ತೂಗಲು ಕಲಿಯುತ್ತಾ, ಈ ಕತೆ ಹೇಳಿ ಎಲ್ಲರನ್ನೂ ನಗಿಸಿದ್ದೆ. ಅದನ್ನು ನಿನಗೆ ಫೋನಿನಲ್ಲಿ ಹೇಳಿದಾಗ ನೀನು ಮಾತು ತಿರುಗಿಸಿದೆ. “ಊಟ ಆತೇನವಾ?” ಎಂದೆ. ಮಾತು ತಿರುಗಿಸಿದ್ದು ಯಾಕೆಂದು ನಾನು ಆಗಲೇ ಕೇಳಬಾರದಿತ್ತೇ?

ಮೊನ್ನೆ ಹುಸೇನಬಿ ಅತ್ತೆಯ ಮಗ ಬಂದಿದ್ದ. ಅತ್ತೆಗೆ ಈಗ ನಾಲ್ಕು ಮೆಟ್ಟಿಲು ಹತ್ತಿದರೆ ಉಸಿರು ಸಿಗುವುದಿಲ್ಲ. ಪರಿಹಾರ ಕೇಳಿದರೆ ಮಿಲ್ಲಿನವರು ಆ ಹಳೆಯ ವರದಿ ತೋರಿಸುತ್ತಾರಂತೆ, ಧೂಳು ಮಿತಿಯೊಳಗೇ ಇತ್ತೆಂದು. ನಮ್ಮ ಪ್ರಯೋಗಾಲಯದಲ್ಲೇ ಇದ್ದ ಆ ಕಡತ ತೆಗೆಸಿ ನೋಡಿದೆ. ಅತ್ತೆಯ ಬಿಲ್ಲೆ ಮಿತಿ ಮೀರಿತ್ತು, ಇನ್ನೊಬ್ಬರದೂ ಮೀರಿತ್ತು. ಮೂರನೆಯದು ಸೊನ್ನೆಯ ಹತ್ತಿರ. ಮೂರನ್ನೂ ಕೂಡಿಸಿ ಸರಾಸರಿ ತೆಗೆದು, ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸಾಗಿ ಮಿಲ್ಲಿನ ಧೂಳನ್ನೇ ತೆಗೆದುಬಿಟ್ಟಿದ್ದರು. ಮನೆಯಲ್ಲಿ ಇಬ್ಬರಿಗೆ ಜ್ವರ ಸುಡುತ್ತಿದ್ದು ಮೂರನೆಯವನ ಮೈ ತಣ್ಣಗಿದ್ದರೆ, ಈ ಮನೆಯಲ್ಲಿ ಜ್ವರವೇ ಇಲ್ಲ ಎನ್ನುತ್ತಾರೆಯೇ? ಆ ಮೂರನೆಯ ಹೆಸರು ನಿನ್ನದು.

ಆಗಲೂ ನಿನ್ನ ಮೇಲೆ ಅನುಮಾನ ಬರಲಿಲ್ಲ ಅಪ್ಪಾ. ಭಾನುವಾರ ಊರಿಗೆ ಹೋಗಿ, ಅತ್ತೆಯ ಪಕ್ಕ ಕುಳಿತು ಟವೆಲ್ಲಿನ ಕತೆ ಹೇಳಿದೆ. ಗೊತ್ತಿಲ್ಲದೆ ಆದ ತಪ್ಪು, ಹಾಗಂತ ಬರೆದುಕೊಡುತ್ತೇನೆ ಎಂದೆ. ಅತ್ತೆ ನಗಲಿಲ್ಲ.

“ಗೊತ್ತಿಲ್ದ ಅಲ್ಲ ಮಗಳ,” ಎಂದಳು, ಮಾತುಮಾತಿಗೂ ಉಸಿರು ಹುಡುಕುತ್ತಾ. “ಬಾಯಿ ಮುಚ್ಚಬ್ಯಾಡ್ರಿ ಅಂತ ಸಾಹೇಬ್ರು ಮುಂಜಾನೆನ ಮೂರೂ ಮಂದಿಗೆ ಹೇಳಿದ್ರು. ನಾನೂ ಅಂದೆ, ಅಣ್ಣಾ, ಟವೆಲ್ ತಗೀರಿ ಅಂತ. ‘ಸುಮ್ನಿರವಾ, ಮಾಲಕರು ಹೇಳ್ಯಾರ, ಬರೂ ಹಂಗಾಮಿಗೆ ನನ್ನ ಮುಕಾದಮ ಮಾಡ್ತಾರ’ ಅಂದ್ರು ನಿಮ್ಮಪ್ಪಾರು.”

“ಮತ್ತ ಇಷ್ಟ್ ವರ್ಷ ಯಾಕ ಹೇಳಲಿಲ್ಲ ಅತ್ತಿ?”

“ನೀ ಅಪ್ಪನ ಮ್ಯಾಲ ಜೀವಾ ಇಟ್ಟಾಕಿ. ಹೆಂಗ ಹೇಳಲಿ?”

ಮುಂದಿನ ಹಂಗಾಮಿಗೆ ನೀನು ಆಳುಗಳ ಮೇಲ್ವಿಚಾರಣೆಯ ಮುಕಾದಮನಾಗಿ, ಗೇಟಿನ ಬಳಿ ಕುರ್ಚಿ ಸಿಕ್ಕ ದಿನ ಅವ್ವ ಹೋಳಿಗೆ ಮಾಡಿದ್ದಳು. ಹುಸೇನಬಿಗೂ ಕೊಟ್ಟು ಬಾ ಎಂದು ನನ್ನನ್ನೇ ಕಳಿಸಿದೆಯಲ್ಲ, ಯಾವ ಮುಖ ಇಟ್ಟುಕೊಂಡು ಕಳಿಸಿದೆ? ಅವಳು ಅದೇ ಧೂಳಿನಲ್ಲಿ ಇನ್ನೂ ಹನ್ನೊಂದು ಹಂಗಾಮು ನಿಂತಳು. ನಿನಗೂ ಆಗ ಕೆಮ್ಮು ಹತ್ತಿತ್ತು, ಆ ಧೂಳಿನಿಂದ ಪಾರಾದರೆ ಸಾಕಾಗಿತ್ತು. ಅಷ್ಟನ್ನು ಹೊಟ್ಟೆಗೆ ಹಾಕಿಕೊಂಡೇನು. ಆದರೆ ನಂಬಿದವಳ ಕುತ್ತಿಗೆ ಕೊಯ್ದು, ಅದನ್ನೇ ನಗುವ ಕತೆ ಮಾಡಿ ನನ್ನ ಬಾಯಲ್ಲಿ ಊರೆಲ್ಲ ಹೇಳಿಸಿದೆಯಲ್ಲ ಅಪ್ಪಾ, ಅದನ್ನು...

ನಿನ್ನೆ ಅತ್ತೆಯ ಪರಿಹಾರದ ವಿಚಾರಣೆಯ ಅಧಿಕಾರಿಯ ಮುಂದೆ ಕುಳಿತಿದ್ದೆ. ಒಳ್ಳೆಯ ಮನುಷ್ಯ. “ತಿಳೀದ ಮುಚ್ಯಾರ ಅಂತ ಬರದ್ಬಿಡ್ರಿ. ತೀರಿಹೋದವರ ಹೆಸರು ಯಾಕ ಕೆಡಸ್ತೀರಿ?” ಎಂದರು. ನನ್ನ ಕೈಯೂ ಅದನ್ನೇ ಬರೆಯಲು ಹೊರಟಿತ್ತು. ಆದರೆ ಒಬ್ಬನಿಗೆ ತಿಳಿದಿರಲಿಲ್ಲ ಎಂದರೆ ಉಳಿದಿಬ್ಬರಿಗೂ ಪಂಪು ಬಳಸಲು ತಿಳಿದಿರಲಿಲ್ಲ ಎಂದು ಮಿಲ್ಲಿನವರು ವಾದಿಸುತ್ತಾರೆ, ಮೂರು ಬಿಲ್ಲೆಗಳೂ ರದ್ದಾಗುತ್ತವೆ. ಬೇಕೆಂದೇ ಮಾಡಿದ್ದು ಎಂದರೆ ನಿನ್ನದೊಂದೇ ಹೋಗುತ್ತದೆ, ಅತ್ತೆಯದು ಉಳಿಯುತ್ತದೆ.

“ಮಾಲೀಕರ ಮಾತಿಗೆ, ಬೇಕೆಂದೇ ಮುಚ್ಚಿದ್ದರು” ಎಂದು ಬರೆದು, ಮುಂದೆ ನಿನ್ನ ಹೆಸರು ಬರೆದೆ. ಕೆಳಗೆ ಸಾಕ್ಷಿಯ ಹೆಸರಿಗೊಂದು ಗೆರೆ, ಸಾಕ್ಷಿಯ ತಂದೆಯ ಹೆಸರಿಗೊಂದು ಗೆರೆ ಇತ್ತು. ಅಲ್ಲಿಯೂ ನಿನ್ನ ಹೆಸರನ್ನೇ ಬರೆದು ಕಾಗದ ದಾಟಿಸಿದೆ. ಅಧಿಕಾರಿ ಎರಡೂ ಕಡೆ ಓದಿ, ತಲೆಯೆತ್ತಿ ನನ್ನನ್ನು ನೋಡಿದರು. ಆಮೇಲೆ ಕಾಗದವನ್ನು ಕಡತಕ್ಕೆ ಸೇರಿಸಿದರು.

ನಿನ್ನ ಮಗಳೇ,
ಶಾಂತಾ