ಲಿಂಡ್ನರನ ಹೆಣ ನಮ್ಮ ಪಬ್ಬಿಗೆ ಬಂದ ವಾರ

೧೮೯೧ ಜನವರಿ ೧೩, ಮಂಗಳವಾರ

ನಡುಬೇಸಿಗೆ, ಬೆಳಿಗ್ಗೆಯೇ ಸೆಕೆ. ಕುರಿಮಾಂಸ ಬೇಯಲಿಟ್ಟು ಬಾರ್ ಉಜ್ಜುತ್ತಿದ್ದೆ. ಕಾನ್‌ಸ್ಟೇಬಲ್ ಬ್ರೀನ್ ಬಂದರು, ಹಿಂದೆ ಒಂದು ಬಂಡಿ. ಬಂಡಿಯಲ್ಲಿ ಲಿಂಡ್ನರ್... ಮರ ಸೀಳುವ ಕಾನ್ರಾಡ್ ಲಿಂಡ್ನರ್. ನಿನ್ನೆ ಸಂಜೆ ನಮ್ಮಲ್ಲೇ ಕುಡಿದು ಹೊರಟವನು. ಹಳ್ಳದ ಸೇತುವೆ ಹತ್ತಿರ ಕುದುರೆ ಕೆಡವಿದೆ. ಕುತ್ತಿಗೆ ಮುರಿದಿದೆ.

ಪಬ್ಬಿನ ಲೈಸೆನ್ಸ್ ಇದ್ದವರು ಹೆಣ ಬೇಡ ಅನ್ನುವಂತಿಲ್ಲ. ವಿಚಾರಣೆಯೂ ನಮ್ಮ ಊಟದ ಕೋಣೆಯಲ್ಲೇ. ಅತ್ತೆಯ ಕಾಲದಲ್ಲಿ ಹನ್ನೊಂದು ಬಂದಿದ್ದವಂತೆ — ಹೊಳೆಗೆ ಬಿದ್ದವರು, ಚಿನ್ನ ಅಗೆಯುವಾಗ ಮಣ್ಣು ಕುಸಿದು ಸತ್ತವರು. ನನಗೆ ಇದು ಮೊದಲು. ಪೀಪಾಯಿಗಳ ನೆಲಮಾಳಿಗೆಯಲ್ಲಿ ಮಲಗಿಸಿ ಒದ್ದೆ ಗೋಣಿ ಹೊದಿಸಿದೆ.

ಅದೇ ದಿನ, ಮೂರು ಗಂಟೆ

ಅವನ ಹೆಂಡತಿ ಒಟ್ಟಿಲಿ ಆರು ಮೈಲಿ ನಡೆದು ಬಂದಳು. ಅಳಲಿಲ್ಲ. ಮನೆಗೆ ಒಯ್ಯುತ್ತೇನೆ ಅಂದಳು. ಸಾವಿನ ವಿಚಾರಣೆ ನಡೆಸುವ ಕರೋನರ್ ನೋಡುವ ತನಕ ಮುಟ್ಟುವಂತಿಲ್ಲ ಅಂದರು ಬ್ರೀನ್. ಕರೋನರ್ ಬರುವುದು ಗುರುವಾರ. ಈ ಸೆಕೆಯಲ್ಲಿ!

ಕೋಣೆ ಕೊಟ್ಟೆ. ಬೇಡವಂತೆ. ನೆಲಮಾಳಿಗೆಯ ಮೆಟ್ಟಿಲ ಮೇಲೆ ಕೂತಿದ್ದಾಳೆ. ಪೀಪಾಯಿ ತರಲು ಹೋದಾಗಲೆಲ್ಲ ಎದ್ದು ದಾರಿ ಬಿಡುತ್ತಾಳೆ.

ಜನವರಿ ೧೪

ನನ್ನ ಗಂಡ ಜೇಬೆಜ್ ಬಾರ್ ಮುಚ್ಚಲಿಲ್ಲ. ಸುದ್ದಿ ಕೇಳಿ ಜನ ಇನ್ನೂ ಹೆಚ್ಚು. ಗಂಟೆಗೊಮ್ಮೆ ಗೋಣಿಗೆ ನೀರು. ವಾಸನೆ ಶುರುವಾಗಿದೆ.

ಒಟ್ಟಿಲಿ ಕೇಳಿದಳು: "ಮಿಸೆಸ್ ಪ್ಯಾಸ್ಕೋ, ಎಷ್ಟು ಗ್ಲಾಸ್ ಕೊಟ್ರಿ ಅವ್ನಿಗೆ?"

ಎಣಿಸಿಲ್ಲ ಅಂದೆ. ಎಣಿಸಿದ್ದೆ. ಒಂಬತ್ತು ರಮ್. ಆರು ಗ್ಲಾಸ್ ಮುಗಿಸಿದ್ದೇ ಎದ್ದು ಟೋಪಿ ಹಾಕಿಕೊಂಡಿದ್ದ. ಜೇಬೆಜ್ ಟೋಪಿ ಕಿತ್ತು ಅಡಗಿಸಿದ. ಎಲ್ಲರೂ ನಕ್ಕರು. ನಾನೂ. ಮತ್ತೆ ಮೂರು ಸುರಿದವಳು ನಾನೇ.

ಜನವರಿ ೧೫, ಬೆಳಿಗ್ಗೆ

ಕರೋನರ್ ಬಂದಿದ್ದಾರೆ. ಪಂಚರಾಗಿ ಕೂತವರಲ್ಲಿ ಐವರು ಅವತ್ತು ನಕ್ಕವರೇ. ಜೇಬೆಜ್ ಅಡುಗೆಮನೆಗೆ ಬಂದ.

"ಮೂರು ಅನ್ನು, ಮಾರ್ಥಾ. ಅವತ್ತು ಇದ್ದವ್ರೂ ಮೂರು ಅಂತಾನೇ ಹೇಳ್ತಾರೆ. ನಿಜ ಹೇಳಿದ್ರೆ ಲೈಸೆನ್ಸ್ ಹೋಯ್ತು."

"ಅವ್ಳು ಎದುರಿಗೇ ಕೂತಿರ್ತಾಳೆ ಕಣೋ."

"ಕೂತಿರ್ಲಿ. ಒಂಬತ್ತು ಅಂದ್ರೆ ಎದ್ದು ಬರ್ತಾನಾ ಅವ್ನು?"

ಸಂಜೆ

ಮೂರು ಅಂದೆ. ದನಿ ನಡುಗಲೂ ಇಲ್ಲ. ಆಕಸ್ಮಿಕ ಸಾವು, ಕುದುರೆಯ ಸ್ವಭಾವ ಕೆಟ್ಟದ್ದು — ಹಾಗೆ ಬರೆದುಕೊಂಡರು. ಐದಕ್ಕೆ ಹೂತರು. ವಿಚಾರಣೆ ಮುಗಿಸಿದವರೆಲ್ಲ ಬಾರಿಗೇ ಬಂದರು. ಹಾಕಿಕೊಟ್ಟೆ.

ಫೆಬ್ರವರಿ ೯

ಇಷ್ಟು ದಿನ ಬರೆಯಲಾಗಲಿಲ್ಲ.

ಒಟ್ಟಿಲಿ ಕೆಲಸ ಕೇಳಿ ಬಂದಳು. ಒಬ್ಬಳೇ ಆ ಜಮೀನು ನೋಡಿಕೊಳ್ಳಲಾಗದು. ಬೇಡ ಅನ್ನುವ ಮುಖ ನನಗೆಲ್ಲಿದೆ? ಹಾಸಿಗೆ ಬಟ್ಟೆ ಒಗೆಯಲು ಇಟ್ಟುಕೊಂಡೆ.

ಫೆಬ್ರವರಿ ೧೭

ಇವತ್ತು ಇಬ್ಬರೂ ಸೇರಿ ಬಟ್ಟೆ ಹಿಂಡುತ್ತಿದ್ದೆವು. ಅವಳಾಗಿಯೇ ಹೇಳಿದಳು, ಮೆಲ್ಲಗೆ, ನನ್ನ ಮುಖ ನೋಡದೆ.

"ಮೂರು ಗ್ಲಾಸಿಗೆ ಬೀಳೋನಲ್ಲ ಅವ್ನು. ನಮ್ಮ ಹಳೇ ಕುದುರೆಯೇ ಸಾಕು ಅಂತಿದ್ದ. ಹಟ ಹಿಡಿದು ಈ ಹೊಸ ಕುದುರೇನ ತರಿಸ್ದೋಳು ನಾನು. ನಾನೇ ಕೊಂದೆ, ಮಿಸೆಸ್ ಪ್ಯಾಸ್ಕೋ."

ಹಿಂಡುತ್ತಲೇ ಇದ್ದಳು. ಒಂದು ಹನಿ ನೀರೂ ಉಳಿಯದ ಮೇಲೂ.

ಅಲ್ಲ ಅನ್ನಬೇಕಿತ್ತು. ಬುಟ್ಟಿ ಅವಳ ಕೈಗಿಟ್ಟು ಒಳಗೆ ಬಂದುಬಿಟ್ಟೆ. ಇನ್ನೂ ಹಿತ್ತಲಲ್ಲೇ ಇದ್ದಾಳೆ, ಬಟ್ಟೆ ಹರವುತ್ತಿದ್ದಾಳೆ. ಲೈಸೆನ್ಸ್ ಹೋದರೆ ಹೋಗಲಿ. ಒಂಬತ್ತು ಅಂತ ಈಗಲೇ ಹೋಗಿ ಹೇಳಿಬಿ— ಜೇಬೆಜ್ ಬಾರಿನಿಂದ ಕೂಗುತ್ತಿದ್ದಾನೆ, ಗಿರಾಕಿಗಳು ಬಂದರಂತೆ, ನಾನು